ಗಾಡಿ ಹೆಸರು ಹೇಳಬೇಡಿ, ಅಳತೆ ಹೇಳಿ

ಮಂಡ್ಯದಲ್ಲಾಗಲಿ ಮೈಸೂರಲ್ಲಾಗಲಿ, ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ "ಎಚ್‌ಎಂಟಿ ಜೀಟರ್ 2511 ಟ್ರ್ಯಾಕ್ಟರಿಗೆ ಪಿಸ್ಟನ್ ಇದೆಯಾ?" ಅಂತ ಕೇಳಿ ನೋಡಿ. ತಲೆ ಅಲ್ಲಾಡಿಸುತ್ತಾರೆ. ಹುಡುಗರಾದರೆ ಹೆಸರೇ ಕೇಳಿರುವುದಿಲ್ಲ. ವಯಸ್ಸಾದ ಅಂಗಡಿಯವರೊಬ್ಬರು ನನಗೆ "ಅಯ್ಯೋ, ಅದ್ನ ಇನ್ನೂ ಇಟ್ಕೊಂಡಿದ್ದೀರಾ ಗೌಡ್ರೇ? ಗುಜ್ರಿಗ್ ಹಾಕಿ ಅತ್ಲಾಗೆ, ಕಬ್ಬಿಣದ ರೇಟು ಚೆನ್ನಾಗದೆ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಬಿಡಿ. ಅವರ ಲೆಕ್ಕಕ್ಕೆ ಅದು ಒಳ್ಳೆಯ ಸಲಹೆಯೇ.

ಅಂಗಡಿಯವರು ಸಾಮಾನು ಜೋಡಿಸುವುದೇ ಗಾಡಿ ಹೆಸರಿನ ಮೇಲೆ. ಮಹೀಂದ್ರ ಒಂದು ಕಡೆ, ಮ್ಯಾಸಿ ಒಂದು ಕಡೆ, ಸ್ವರಾಜ್ ಇನ್ನೊಂದು ಕಡೆ. ನಮ್ಮ ಗಾಡಿ ಹೆಸರಿನ ರ‍್ಯಾಕೇ ಅಲ್ಲಿಲ್ಲ. ಹಾಗಂತ ನಮಗೆ ಬೇಕಾದ ಸಾಮಾನು ಆ ಅಂಗಡಿಯಲ್ಲಿ ಇಲ್ಲ ಅಂತಲ್ಲ. ಬೇರೆ ಯಾವುದೋ ಹೆಸರಿನ ಡಬ್ಬದಲ್ಲಿ ಕೂತಿರುತ್ತದೆ. ಅದನ್ನು ಹೊರಗೆ ತೆಗೆಸಬೇಕಾದರೆ ಅಳತೆ ಗೊತ್ತಿರಬೇಕು. ಹಳೇ ಟ್ರ್ಯಾಕ್ಟರ್ ರಿಪೇರಿಗೆ ಕೈ ಹಾಕುವವರಿಗೆ ನಾನು ಹೇಳುವುದು ಇದೊಂದನ್ನೇ. ಉಳಿದದ್ದೆಲ್ಲ ಇದರ ಹಿಂದೆಯೇ ಬರುತ್ತದೆ.

ಗಾಡಿ ನಮ್ಮ ದೊಡ್ಡಪ್ಪನದು. ಪಾಂಡವಪುರದ ಹತ್ತಿರ ನಮ್ಮೂರು, ವಿ.ಸಿ. ನಾಲೆಯ ನೀರು, ಕಬ್ಬು ಮತ್ತು ಭತ್ತ. ಒಂದು ಕಾಲದಲ್ಲಿ ಊರಿನ ಅರ್ಧ ಉಳುಮೆ, ಆಲೆಮನೆಗೆ ಕಬ್ಬು ಸಾಗಿಸುವುದು, ಮದುವೆಗೆ ಜನ ತುಂಬುವುದು ಎಲ್ಲಾ ಇದರಲ್ಲೇ. ಆಮೇಲೆ 40, 50 ಎಚ್‌ಪಿ ಗಾಡಿಗಳು ಬಂದವು, ಇದು ಕೊಟ್ಟಿಗೆ ಸೇರಿತು. ಕೋಳಿಗಳು ಸೀಟಿನ ಕೆಳಗೆ ಮೊಟ್ಟೆ ಇಡುತ್ತಿದ್ದವು. ಮಾರೋಣ ಅಂದರೆ ದೊಡ್ಡಪ್ಪ ಒಪ್ಪಲಿಲ್ಲ, ರಿಪೇರಿ ಮಾಡಿಸೋಣ ಅಂದರೂ ಒಪ್ಪಲಿಲ್ಲ. "ಇರ್ಲಿ ಬುಡು ಮಗಾ" ಅಷ್ಟೇ. ಕೊನೆಗೆ ಅವರೇ ಕೀ ತಂದು ಕೈಗಿಟ್ಟರು, ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಚ್‌ಎಂಟಿ ಅಂದರೆ ನಮ್ಮ ಕಡೆಯವರಿಗೆ ಕೈ ಗಡಿಯಾರ. ಕಂಪನಿ ಶುರುವಾಗಿದ್ದು ಬೆಂಗಳೂರಿನಲ್ಲಿ, 1953ರಲ್ಲಿ. ಟ್ರ್ಯಾಕ್ಟರ್ ಮಾತ್ರ ತಯಾರಾಗುತ್ತಿದ್ದದ್ದು ದೂರದ ಹರಿಯಾಣದ ಪಿಂಜೋರ್‌ನಲ್ಲಿ. 1971ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಜೀಟರ್ ಗಾಡಿಯ ವಿನ್ಯಾಸ ತಂದು ಅಲ್ಲಿ 25 ಎಚ್‌ಪಿಯ 2511 ಶುರು ಮಾಡಿದರು. 2016ರಲ್ಲಿ ಕೇಂದ್ರ ಸರ್ಕಾರ ಆ ಟ್ರ್ಯಾಕ್ಟರ್ ವಿಭಾಗವನ್ನೇ ಮುಚ್ಚಲು ತೀರ್ಮಾನಿಸಿತು. ಹಾಗಾಗಿ ಕಂಪನಿ ಪಾರ್ಟ್ ಅನ್ನುವ ಮಾತೇ ಈಗ ಇಲ್ಲ. ಪಕ್ಕದ ಮನೆಯವರ ಹಳೇ ಮ್ಯಾಸಿ 1035ಗೆ ಈ ಕಷ್ಟ ಇಲ್ಲ. ಆ ಗಾಡಿ ಮಾಡುವ ಟಾಫೆ, ಇಂಜಿನ್ ಮಾಡುವ ಸಿಂಪ್ಸನ್, ಪಿಸ್ಟನ್ ಮಾಡುವ ಇಂಡಿಯಾ ಪಿಸ್ಟನ್ಸ್, ಬೇರಿಂಗ್ ಮಾಡುವ ಬೈಮೆಟಲ್, ನಾಲ್ಕೂ ತಮಿಳುನಾಡಿನ ಒಂದೇ ಗುಂಪಿನ ಕಂಪನಿಗಳು. ಎಲ್ಲಾ ಇನ್ನೂ ನಡೆಯುತ್ತಿವೆ. ಮಂಡ್ಯದ ಯಾವ ಅಂಗಡಿಗೆ ಹೋದರೂ ಸಾಮಾನು ಸಿಗುತ್ತದೆ. ನೋಡಿ ಹೊಟ್ಟೆ ಉರಿದುಕೊಳ್ಳುವುದಷ್ಟೇ ನನ್ನ ಪಾಲಿಗೆ.

ಆದರೂ ಮುಚ್ಚಿದ ಕಂಪನಿಯ ಗಾಡಿ ಓಡಿಸುವುದು ಮೈಸೂರಿನವರಿಗೆ ಹೊಸದೇನಲ್ಲ, ಅಲ್ವಾ? ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದೂ ಚೆಕ್ ದೇಶದ ವಿನ್ಯಾಸವೇ. ಇವತ್ತಿಗೂ ಮೈಸೂರಿನ ರಸ್ತೆಯಲ್ಲಿ ಹಳೇ ಜಾವಾ, ಯೆಜ್ಡಿ ಓಡುತ್ತಿವೆ. ಜಾವಾ ಇಟ್ಟುಕೊಂಡ ಗೆಳೆಯನೊಬ್ಬ ನನಗೆ ಧೈರ್ಯ ಹೇಳಿದ. "ಕಂಪನಿ ಸತ್ರೂ ಅಳತೆ ಸಾಯಲ್ಲ ಕಣೋ" ಅನ್ನುವುದು ಅವನ ಮಾತು. ನಾನು ಅದನ್ನೇ ಹಿಡಿದುಕೊಂಡೆ.

ಇಂಜಿನ್ ಬಿಚ್ಚಿದ್ದು ಶ್ರೀರಂಗಪಟ್ಟಣದ ಕಡೆಯ ಒಬ್ಬ ಹಳೇ ಮೇಸ್ತ್ರಿ. ಊರೆಲ್ಲ ಅವರನ್ನು ಬಾಯ್ ಅಂತಲೇ ಕರೆಯುತ್ತದೆ. ಮೊದಲ ದಿನವೇ "ಬಿಚ್ಚೋಕ್ ಮುಂಚೆ ಅಂಗ್ಡಿಗ್ ಹೋಗ್ಬೇಡಿ ಅಣ್ಣಾ, ಸುಮ್ನೆ ದುಡ್ಡು ದಂಡ" ಅಂತ ಹೇಳಿಬಿಟ್ಟರು. ಇಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಸಂಪಿನ ಕೆಳಗಿನ ಬೋಲ್ಟ್ ಸಡಿಲಿಸಿದಾಗ ಮೊದಲು ಬಂದದ್ದು ನೀರು. ಅರ್ಧ ಮಗ್ ನೀರು ಸುರಿದ ಮೇಲೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದ ಆಯಿಲ್ ನಿಧಾನಕ್ಕೆ ಇಳಿಯಿತು. ಬಾಯ್ ನನ್ನ ಮುಖ ನೋಡಿ "ಲೈನರ್" ಅಂದರು. ಹೆಡ್ ಗ್ಯಾಸ್ಕೆಟ್ ಕೂಡ ಆಗಿರಬಹುದಲ್ವಾ ಅಂದೆ. "ಅದೂ ಇರ್ಬೋದು, ಲೈನರಂತೂ ಗ್ಯಾರಂಟಿ."

ಅವರು ಹೇಳಿದ್ದೇ ಸರಿ. ಲೈನರ್ ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆ. ಈ ಇಂಜಿನ್ನಿನಲ್ಲಿ ಅದರ ಸುತ್ತ ನೇರವಾಗಿ ನೀರೇ ಓಡಾಡುತ್ತದೆ. ಲೈನರಿನ ಕೆಳಗಡೆ ರಬ್ಬರಿನ ಓ ರಿಂಗ್ ಇರುತ್ತದೆ, ನೀರು ಸಂಪಿಗೆ ಇಳಿಯದ ಹಾಗೆ ತಡೆಯುವುದು ಅದೊಂದೇ. ನಮ್ಮ ಗಾಡಿಯದು ಬಗ್ಗಿಸಿದರೆ ಮುರಿಯುತ್ತಿತ್ತು. ಲೈನರ್ ಹೊರಗೆ ತೆಗೆದು ಒರೆಸಿ ಬಿಸಿಲಿಗೆ ಹಿಡಿದರೆ, ಒಂದು ಪಕ್ಕದಲ್ಲಿ ಮಾತ್ರ, ಮೇಲಿನಿಂದ ಕೆಳಗೆ ಸಾಲಾಗಿ, ಗುಂಡುಸೂಜಿ ತುದಿ ಸಿಕ್ಕಿಕೊಳ್ಳುವಷ್ಟು ಸಣ್ಣ ಗುಂಡಿಗಳು. ಒಂದು ಗುಂಡಿಗೆ ತಂತಿ ಹಾಕಿ ನೋಡಿದೆ, ಗೋಡೆಯ ಅರ್ಧಕ್ಕೂ ಜಾಸ್ತಿ ಇಳಿಯಿತು. ಇದು ಬರೀ ತುಕ್ಕಲ್ಲ. ಪಿಸ್ಟನ್ ಒಂದು ಪಕ್ಕಕ್ಕೆ ಒತ್ತಿಕೊಂಡು ಬಡಿಯುವಾಗ ಲೈನರ್ ಅದುರುತ್ತದೆ. ಆ ಅದುರಿಗೆ ನೀರಿನಲ್ಲಿ ಸಣ್ಣ ಗುಳ್ಳೆಗಳು ಎದ್ದು ಲೋಹದ ಮೇಲೆಯೇ ಒಡೆಯುತ್ತವೆ, ಒಡೆದ ಕಡೆಯಲ್ಲೆಲ್ಲ ಲೋಹ ಸ್ವಲ್ಪ ಸ್ವಲ್ಪವೇ ಕಿತ್ತು ಹೋಗುತ್ತದೆ. ಅದಕ್ಕೇ ಒಂದು ಪಕ್ಕದಲ್ಲಿ ಮಾತ್ರ. ಅದರ ಮೇಲೆ ನಮ್ಮ ಬೋರ್‌ವೆಲ್ ನೀರು ಬೇರೆ. ರೇಡಿಯೇಟರಿಗೆ ಕೂಲೆಂಟ್ ಹಾಕುವ ರೂಢಿ ನಮ್ಮ ಕಡೆ ಎಲ್ಲಿದೆ ಹೇಳಿ. ಕೊಡದಲ್ಲಿ ತಂದು ಸುರಿಯುವುದು, ಅಷ್ಟೇ.

ಒಂದು ಸಮಾಧಾನ ಅಂದರೆ ಇಂಥ ಲೈನರ್ ಕೆಟ್ಟರೆ ಬ್ಲಾಕ್ ಬೋರಿಂಗ್ ಮಾಡಿಸಬೇಕಿಲ್ಲ. ಹಳೆಯದನ್ನು ಎಳೆದು ಹೊಸದನ್ನು ಕೂರಿಸಿದರೆ ಆಯಿತು. ಲೈನರ್, ಪಿಸ್ಟನ್, ಪಿನ್, ರಿಂಗ್ ಎಲ್ಲಾ ಸೇರಿ ಕಿಟ್ ಆಗಿಯೇ ಬರುತ್ತದೆ.

ಇನ್ನೊಂದು ಸಮಾಧಾನ, ಇದು ದೊಡ್ಡದು. ಜೀಟರಿನವರು 1960ರ ಸುಮಾರಿಗೆ ತಮ್ಮ ಗಾಡಿಗಳನ್ನು ಒಂದೇ ಕುಟುಂಬವಾಗಿ ಮಾಡಿದರು. ಎರಡು ಸಿಲಿಂಡರ್, ಮೂರು ಸಿಲಿಂಡರ್, ನಾಲ್ಕು ಸಿಲಿಂಡರ್, ಆದರೆ ಒಳಗಿನ ಸಾಮಾನು ಆದಷ್ಟೂ ಒಂದೇ. 2511ರಲ್ಲಿ ಎರಡು ಸಿಲಿಂಡರ್, 3511ರಲ್ಲಿ ಮೂರು. ಎರಡರದ್ದೂ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 95 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 110 ಮಿ.ಮೀ. ಅಂದರೆ 25 ಎಚ್‌ಪಿ ಗಾಡಿಗೆ ಪಿಸ್ಟನ್ ಹುಡುಕುವವನು 35 ಎಚ್‌ಪಿ ಗಾಡಿಯ ಡಬ್ಬವನ್ನೂ ತೆಗೆಸಿ ನೋಡಬಹುದು. ಗಾಡಿ ಹೆಸರು ಹೇಳಿಕೊಂಡು ತಿರುಗುವವನಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಹಾಗಂತ ಬೋರ್ ಒಂದೇ ನೋಡಿದರೆ ಸಾಲದು. ನೋಟ್‌ಬುಕ್ಕಿನಲ್ಲಿ ನಾನು ಬರೆದುಕೊಂಡದ್ದು ಇಷ್ಟು: ಬೋರ್, ಪಿಸ್ಟನ್ ಪಿನ್ನಿನ ದಪ್ಪ, ಪಿನ್ ಮಧ್ಯದಿಂದ ಪಿಸ್ಟನ್ ತಲೆಯವರೆಗಿನ ಎತ್ತರ, ತಲೆಯ ಮೇಲಿನ ಗುಳಿಯ ಆಕಾರ ಮತ್ತು ಆಳ, ರಿಂಗುಗಳ ಸಂಖ್ಯೆ ಮತ್ತು ಪ್ರತಿಯೊಂದರ ದಪ್ಪ, ಲೈನರಿನ ಉದ್ದ, ಮೇಲಿನ ಕಾಲರಿನ ಅಗಲ, ಕೆಳಗೆ ಓ ರಿಂಗ್ ಕೂರುವ ಕಡೆಯ ವ್ಯಾಸ. ಇಷ್ಟೂ ತಾಳೆಯಾದರೆ ಡಬ್ಬದ ಮೇಲೆ ಯಾವ ಹೆಸರಿದ್ದರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದೇ ಒಂದು ತಪ್ಪಿದರೂ ಬೇಡ. ಎತ್ತರ ಒಂದು ಮಿಲಿಮೀಟರ್ ಜಾಸ್ತಿಯಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ. ಕಡಿಮೆಯಾದರೆ ಕಂಪ್ರೆಷನ್ ಸಾಲದೆ ಚಳಿಗಾಲದ ಬೆಳಿಗ್ಗೆ ಸ್ಟಾರ್ಟೇ ಆಗುವುದಿಲ್ಲ.

ಉತ್ತರದ ಕಡೆಯ ಒಬ್ಬ ಮಾರಾಟಗಾರನಿಗೆ ಈ ಪಟ್ಟಿ ಪೂರ್ತಿ ವಾಟ್ಸಾಪ್ ಮಾಡಿದೆ. ಆತ "ಓಕೆ ಸಾರ್, ಸೇಮ್ ಟು ಸೇಮ್" ಅಂತ ಹೇಳಿ, ದುಡ್ಡು ಹಾಕಿಸಿಕೊಂಡು ಕಳಿಸಿದ. ಬೋರ್ ಸರಿಯಿತ್ತು, ಪಿನ್ ಬೇರೆ. ಫೋನ್ ಮಾಡಿದರೆ "ಬುಶ್ ಹಾಕಿಸ್ಕೊಳ್ಳಿ ಸಾರ್" ಅನ್ನುತ್ತಾನೆ. ವಾಪಸ್ ತೆಗೆದುಕೊಳ್ಳಲು ಒಪ್ಪಿದ, ಕೊರಿಯರ್ ಖರ್ಚು ನನ್ನದೇ ಅಂದ. ಕಬ್ಬಿಣದ ಡಬ್ಬ, ತೂಕ ಕೇಳಬೇಡಿ. ಈಗ ನಾನು ಮಾಡುವುದೇನೆಂದರೆ, ದುಡ್ಡು ಹಾಕುವ ಮುಂಚೆ ವರ್ನಿಯರ್ ಹಿಡಿದು ಅಳೆಯುವ ವೀಡಿಯೊ ಕಳಿಸಿ ಅನ್ನುತ್ತೇನೆ. ಕಳಿಸದಿದ್ದರೆ ಅವರ ದಾರಿ ಅವರಿಗೆ.

ಉತ್ತರದವರೆಲ್ಲ ಹೀಗೇ ಅಂತ ಅಲ್ಲ. ಈ ಗಾಡಿಗಳು ಪಂಜಾಬ್, ಹರಿಯಾಣದಲ್ಲೇ ಜಾಸ್ತಿ ಓಡಿದವು, ಹಾಗಾಗಿ ಲೂಧಿಯಾನ, ಜಲಂಧರ್, ದೆಹಲಿಯ ಕಾಶ್ಮೀರಿ ಗೇಟ್ ಕಡೆ ಸಾಮಾನು ಇರುವುದು ಸಹಜ. ಗುಜರಾತಿನ ರಾಜ್‌ಕೋಟ್ ಡೀಸೆಲ್ ಇಂಜಿನ್ ಸಾಮಾನಿಗೇ ಹೆಸರಾದ ಊರು. ಆದರೆ ನನಗೆ ಕೊನೆಗೆ ದಾರಿ ಸಿಕ್ಕಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ.

ಅಲ್ಲಿಯ ಅಂಗಡಿಗಳು ಮುಂದೆ ಕಿರಿದು, ಒಳಗೆ ಉದ್ದ. ಕೌಂಟರಿನಲ್ಲಿದ್ದ ಯಜಮಾನರಿಗೆ ನಾನು ಗಾಡಿ ಹೆಸರು ಹೇಳಲಿಲ್ಲ, ನೋಟ್‌ಬುಕ್ ಬಿಡಿಸಿ ಮುಂದಿಟ್ಟೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ಒಂದೊಂದೇ ಸಾಲು ಓದಿದರು. ಓದುತ್ತಾ ಓದುತ್ತಾ ಹುಡುಗನಿಗೆ ತಮಿಳಿನಲ್ಲಿ ಏನೋ ಹೇಳಿದರು. ಅವನು ಏಣಿ ಹತ್ತಿ, ಧೂಳು ಹಿಡಿದ ರಟ್ಟಿನ ಡಬ್ಬವೊಂದನ್ನು ಇಳಿಸಿದ. ಮೇಲೆ 3511 ಅಂತ ಪೆನ್ನಿನಲ್ಲಿ ಬರೆದಿತ್ತು. "ಹೆಸ್ರು ನೋಡ್ಬೇಡಿ ಸಾರ್, ಅಳೀರಿ" ಅಂತ ವರ್ನಿಯರ್ ನನ್ನ ಕಡೆ ತಳ್ಳಿದರು. ಅಳೆದೆ. ಎಣ್ಣೆ ಕಾಗದ ಬಿಡಿಸಿದರೆ ಲೈನರ್ ಮೇಲೆ ತುಕ್ಕಿನ ಒಂದು ಚುಕ್ಕೆಯೂ ಇಲ್ಲ. ಪಿನ್ ಸರಿ, ಎತ್ತರ ಸರಿ, ಕಾಲರ್ ಸರಿ. ಆದರೆ ಅದು ಮೂರು ಸಿಲಿಂಡರಿನ ಸೆಟ್, ಬಿಡಿಯಾಗಿ ಕೊಡುವುದಿಲ್ಲ ಅಂದರು. ಎಷ್ಟು ಚೌಕಾಸಿ ಮಾಡಿದರೂ ಜಗ್ಗಲಿಲ್ಲ. ಮೂರನ್ನೂ ತಂದೆ. ಮಿಕ್ಕಿದ ಒಂದು ಗ್ರೀಸ್ ಸವರಿಸಿಕೊಂಡು ಅಟ್ಟದ ಮೇಲಿದೆ. ಮನೆಯವಳಿಗೆ ಅದರ ರೇಟು ಹೇಳಿಲ್ಲ.

ಪಿಸ್ಟನ್ನುಗಳು ತಿರುಗಿಸುವ ಶಾಫ್ಟ್ ಇದೆಯಲ್ಲ, ಆ ಕ್ರ್ಯಾಂಕ್ ವಿಷಯದಲ್ಲಿ ಒಂದು ಮಾತು, ಇದನ್ನು ಯಾವ ಗಾಡಿಗಾದರೂ ಅನ್ವಯಿಸಿಕೊಳ್ಳಿ. ಸವೆದಿದ್ದರೆ ಎಲ್ಲರೂ ಮೊದಲು ಗ್ರೈಂಡಿಂಗಿಗೆ ಕೊಡುತ್ತಾರೆ, ಆಮೇಲೆ ಅದರ ಸುತ್ತ ಕೂರುವ ಬೇರಿಂಗ್ ಮೆಟಲ್ ಹುಡುಕುತ್ತಾರೆ. ಹಳೇ ಗಾಡಿಗೆ ಇದನ್ನು ತಿರುಗಿಸಿ ಮಾಡಬೇಕು. ಮೆಟಲ್ ಬರುವುದು, ಕ್ರ್ಯಾಂಕ್ ಎಷ್ಟು ಉಜ್ಜಿದೆ ಅನ್ನುವ ಸೈಜಿನ ಲೆಕ್ಕದಲ್ಲಿ: ಸ್ಟ್ಯಾಂಡರ್ಡ್, ಆಮೇಲೆ 0.25, 0.50, 0.75, 1.00 ಮಿ.ಮೀ. ಇಂಚಿನ ಗಾಡಿಗಳಿಗೆ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ). ನೀವು 0.25ಕ್ಕೆ ಉಜ್ಜಿಸಿಕೊಂಡು ಬಂದು, ಊರೆಲ್ಲ ಹುಡುಕಿದರೆ ಸಿಗುವುದು 0.50ರ ಮೆಟಲ್ ಮಾತ್ರ ಅಂದರೆ ಮತ್ತೆ ಉಜ್ಜಿಸಬೇಕು. ಉಜ್ಜಿದ್ದು ಮತ್ತೆ ಬೆಳೆಯುವುದಿಲ್ಲ. ಮೊದಲು ಮೆಟಲ್ ಕೈಗೆ ಬರಲಿ, ಹಿಂಭಾಗದಲ್ಲಿ ಒತ್ತಿರುವ ಸೈಜ್ ನೀವೇ ಓದಿ, ಆಮೇಲೆ ಅದನ್ನೇ ಹಿಡಿದುಕೊಂಡು ಗ್ರೈಂಡಿಂಗಿಗೆ ಹೋಗಿ.

ಬೇರಿಂಗ್ ಮತ್ತು ಆಯಿಲ್ ಸೀಲ್ ಇವೆಯಲ್ಲ, ಇವಕ್ಕೆ ಜನ ಯಾಕೆ ಒದ್ದಾಡುತ್ತಾರೋ ನನಗೆ ತಿಳಿಯುವುದಿಲ್ಲ. ಬೇರಿಂಗಿನ ಪಕ್ಕದಲ್ಲೇ ನಂಬರ್ ಇರುತ್ತದೆ. 6306 ಅಂತಿದ್ದರೆ ಕೊನೆಯ 06ನ್ನು 5ರಿಂದ ಗುಣಿಸಿ, 30 ಮಿ.ಮೀ. ಒಳವ್ಯಾಸ. ಹೊರಗೆ 72, ದಪ್ಪ 19. ಪ್ರಪಂಚದ ಯಾವ ಕಂಪನಿ ಮಾಡಿದರೂ 6306 ಅಂದರೆ ಇದೇ. ಚೆಕ್ ಟ್ರ್ಯಾಕ್ಟರಿಗೂ ಅದೇ, ಹಿಟ್ಟಿನ ಗಿರಣಿಗೂ ಅದೇ. ಸೀಲಿನ ಮೇಲೆ ಮೂರು ಅಂಕಿ ಒತ್ತಿರುತ್ತಾರೆ: ಒಳಗಿನದು, ಹೊರಗಿನದು, ದಪ್ಪ. ರಬ್ಬರ್ ಸವೆದು ಅಂಕಿ ಕಾಣದಿದ್ದರೆ ಸೀಲ್ ಕೂರುವ ಗುಳಿಯನ್ನು, ಶಾಫ್ಟನ್ನು ಅಳೆದರೆ ಮುಗಿಯಿತು. ಈ ಸಾಮಾನೆಲ್ಲ ಮಂಡ್ಯದಲ್ಲೇ ಸಿಕ್ಕಿತು, ಒಬ್ಬರೂ ಗಾಡಿ ಯಾವುದು ಅಂತ ಕೇಳಲಿಲ್ಲ.

ವಾಲ್ವ್ ಗೈಡ್ ಸಿಗಲಿಲ್ಲ, ಲೇತಿನಲ್ಲಿ ಮಾಡಿಸಿದೆ. ಬೀಡಿನ ಸರಳು ತಂದು ಕೊಟ್ಟರೆ ಹಳೆಯದನ್ನು ನೋಡಿ ತಿರುವಿ ಕೊಡುತ್ತಾರೆ. ಟೈಮಿಂಗ್ ಕವರಿನ ಪ್ಯಾಕಿಂಗೂ ಕೈಯಲ್ಲೇ ಮಾಡಿದ್ದು. ಶೀಟನ್ನು ಕವರಿನ ಮೇಲೆ ಹರಡಿ, ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನ ಮೇಲೆ ಹಗುರವಾಗಿ ತಟ್ಟುತ್ತಾ ಹೋದರೆ ಅಂಚಿನ ಗೆರೆ ತಾನಾಗಿ ಮೂಡಿ ಅಲ್ಲೇ ಕತ್ತರಿಸಿಕೊಳ್ಳುತ್ತದೆ. ಬಾಯ್ ಮಾತಾಡಿಕೊಂಡೇ ತಟ್ಟುತ್ತಿದ್ದರು, ಸುತ್ತಿಗೆಯ ಕಡೆ ಕಣ್ಣೇ ಇರಲಿಲ್ಲ. ನಾನು ಮಾಡಲು ಹೋದರೆ ಬೋಲ್ಟ್ ತೂತಿನ ಹತ್ತಿರ ಶೀಟ್ ಹರಿಯಿತು. "ಬುಡಿ ಅಣ್ಣಾ, ನೀವು ಟೀ ತನ್ನಿ" ಅಂದರು. ಹೆಡ್ ಗ್ಯಾಸ್ಕೆಟಿಗೆ ಮಾತ್ರ ಈ ಕೈಚಳಕ ನಡೆಯುವುದಿಲ್ಲ, ಅದನ್ನು ಸರಿಯಾದ ಜಾಗದಿಂದ ಒಳ್ಳೆಯದನ್ನೇ ತರಿಸಬೇಕು.

ಡೀಸೆಲ್ ಪಂಪಿಗೆ ನಮ್ಮ ಕಡೆ ಇವತ್ತಿಗೂ ಮೈಕೋ ಪಂಪ್ ಅನ್ನುವುದೇ ವಾಡಿಕೆ. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲೇ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿದೆ, ಮೇಸ್ತ್ರಿಗಳು ಬದಲಾಯಿಸಿಕೊಂಡಿಲ್ಲ. ವರ್ಷಗಟ್ಟಲೆ ನಿಂತ ಡೀಸೆಲ್ ಒಳಗೆ ಅಂಟು ಕಟ್ಟಿ, ಡೀಸೆಲ್ ಹೆಚ್ಚುಕಮ್ಮಿ ಮಾಡುವ ಪಂಪಿನ ರ‍್ಯಾಕ್ ಅಲ್ಲಾಡುತ್ತಲೇ ಇರಲಿಲ್ಲ. ಪಂಪ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಮೈಸೂರಿನಲ್ಲಿ ಟೆಸ್ಟ್ ಬೆಂಚ್ ಇರುವವರಿಗೆ ಕೊಟ್ಟೆ. ಎರಡು ಸಿಲಿಂಡರಿಗೂ ಒಂದೇ ಅಳತೆಯ ಡೀಸೆಲ್ ಹೋಗುವ ಹಾಗೆ ಸರಿ ಮಾಡುವುದು ಅಲ್ಲಿ ಮಾತ್ರ ಸಾಧ್ಯ. ನಾಜಲ್ ಮೇಲೆ ಸಣ್ಣದಾಗಿ ನಂಬರ್ ಕೊರೆದಿರುತ್ತಾರೆ, ಅದನ್ನು ಫೋಟೊ ತೆಗೆದುಕೊಂಡು ಹೋದರೆ ಅದಕ್ಕೆ ಸರಿಯಾದದ್ದನ್ನೇ ಹುಡುಕಿ ಕೊಡುತ್ತಾರೆ.

ಗುಜರಿಯಿಂದ ಏನು ತರಬಹುದು ಅಂತ ಕೇಳುವವರಿಗೆ ನನ್ನ ಉತ್ತರ: ಸವೆಯದ ಸಾಮಾನು ಎಲ್ಲಾ. ಮ್ಯಾನಿಫೋಲ್ಡ್, ಸಂಪ್, ಪುಲ್ಲಿ, ಬ್ರಾಕೆಟ್, ಟ್ಯಾಪೆಟ್ ಕವರ್. ಸೀಳು ಬಿಟ್ಟಿದೆಯಾ ನೋಡಿ ತನ್ನಿ, ಸಾಕು. ಹೆಡ್ ಸಿಕ್ಕರೆ ನೀರಿನ ಒತ್ತಡ ಹಾಕಿ ಟೆಸ್ಟ್ ಮಾಡಿಸದೆ ದುಡ್ಡು ಕೊಡಬೇಡಿ. ಬ್ಲಾಕ್ ಸಿಕ್ಕಿತು ಅಂತ ಖುಷಿಪಡುವ ಮುಂಚೆ ಆರ್‌ಸಿ ತೆಗೆದು ನೋಡಿ. ಇಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಬ್ಲಾಕ್ ಬದಲಾದರೆ ನಂಬರೂ ಬದಲಾಯಿತು, ಆರ್‌ಟಿಒದಲ್ಲಿ ಅದನ್ನು ಸರಿಪಡಿಸಿಕೊಳ್ಳಬೇಕು. ಎಲ್ಲಿಂದ ತಂದಿರಿ ಅನ್ನುವುದಕ್ಕೆ ಬಿಲ್ಲೂ ಬೇಕು. ನಮ್ಮ ಬ್ಲಾಕ್ ಗಟ್ಟಿಯಾಗಿತ್ತು, ಆ ತಲೆನೋವು ಬರಲಿಲ್ಲ.

ಜೋಡಿಸುವಾಗ ಬಾಯ್ ಜಾಸ್ತಿ ಹೊತ್ತು ತೆಗೆದುಕೊಂಡದ್ದು ಎರಡೇ ಕಡೆ. ಒಂದು ರಿಂಗ್ ಗ್ಯಾಪ್. ರಿಂಗೊಂದನ್ನೇ ಲೈನರಿನೊಳಗೆ ಇಟ್ಟು, ಪಿಸ್ಟನ್ನಿನಿಂದ ನೇರ ಮಾಡಿ, ಬಾಯಿಯ ಸಂದಿಗೆ ಫಿಲ್ಲರ್ ಗೇಜ್ ತೂರಿಸುವುದು. ಬೋರಿನ ಪ್ರತಿ ಇಂಚಿಗೆ ಮೂರರಿಂದ ನಾಲ್ಕು ಥೌ ಅನ್ನುವುದು ಮೇಸ್ತ್ರಿಗಳ ಲೆಕ್ಕ, 95 ಮಿ.ಮೀ. ಬೋರಿಗೆ ಹೆಚ್ಚುಕಮ್ಮಿ 0.3ರಿಂದ 0.4 ಮಿ.ಮೀ. ಇನ್ನೊಂದು ಲೈನರಿನ ಎತ್ತರ. ಲೈನರ್ ಕಾಲರ್ ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಇರಬೇಕು, ಆಗಲೇ ಹೆಡ್ ಅದನ್ನು ಒತ್ತಿ ಹಿಡಿಯುವುದು. ಸ್ಟೀಲ್ ಪಟ್ಟಿ ಅಡ್ಡ ಇಟ್ಟು, ಎರಡೂ ಲೈನರ್ ಸಮ ಇವೆಯಾ ಅಂತ ಮತ್ತೆ ಮತ್ತೆ ನೋಡಿದರು. ಒಂದು ಸ್ವಲ್ಪ ಜಾಸ್ತಿಯೇ ಮೇಲೆ ನಿಂತಿತ್ತು. ಎಳೆದು, ಕಾಲರ್ ಕೂರುವ ಜಾಗದಲ್ಲಿ ಉಳಿದಿದ್ದ ಹಳೇ ಮಡ್ಡಿ ಕೆರೆದು, ಮತ್ತೆ ಕೂರಿಸಿದರು. ಸರಿಹೋಯಿತು.

ಇಂಜಿನ್ ಈಗ ಓಡುತ್ತಿದೆ. ರೇಡಿಯೇಟರಿಗೆ ಕೂಲೆಂಟೇ ಹಾಕಿದ್ದೇನೆ, ದೊಡ್ಡಪ್ಪ ಅದರ ಹಸಿರು ಬಣ್ಣ ನೋಡಿ ಮೂಗು ಮುರಿದರು. ಇನ್ನು ಉಳಿದಿರುವುದು ಹೈಡ್ರಾಲಿಕ್. ಬರೀ ಗಾಡಿ ಓಡಿದರೆ ಏನು ಬಂತು, ಕಲ್ಟಿವೇಟರ್ ಎತ್ತದಿದ್ದರೆ ಉಳುವುದು ಹೇಗೆ. ಹೈಡ್ರಾಲಿಕ್ ಪಂಪ್ ಬಿಚ್ಚಿ ಸೀಲುಗಳ ಅಳತೆ ಬರೆದುಕೊಂಡಿದ್ದೇನೆ. ಒಂದು ಸೀಲಿನ ಅಳತೆ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಮುಂದಿನ ವಾರ ನೋಟ್‌ಬುಕ್ ಹಿಡಿದು ಮತ್ತೆ ಜೆ.ಸಿ. ರಸ್ತೆ.